ಓಡಿಸದೆ ಓದುವ ವಿದ್ಯೆ

ಬಿಸಿ ಹಿಟ್ಟಿನ ವಾಸನೆ ಎಂದರೆ ನನಗೆ ಈಗಲೂ ಅಪ್ಪನ ಗಿರಣಿ. ಕಲ್ಲುಗಳ ನಡುವೆ ಸಿಕ್ಕಿ ಬೆಚ್ಚಗಾಗಿ ಬೀಳುವ ರಾಗಿಯ ಮಣ್ಣಿನಂಥ ವಾಸನೆ, ಅದರ ಹಿಂದೆಯೇ ಕಾದ ಬೆಲ್ಟಿನ ವಾಸನೆ, ಯಾರಾದರೂ ಬೆಳಿಗ್ಗೆ ಮೆಣಸಿನಕಾಯಿ ಪುಡಿ ಮಾಡಿಸಿಕೊಂಡು ಹೋಗಿದ್ದರೆ ಮೂಗಿನ ತುದಿಗೆ ಅದರ ಚುರುಕು. ಗುಂಡಿ ಒತ್ತುವ ಮೊದಲು ಅಪ್ಪ ಪ್ರತಿಯೊಬ್ಬರ ಡಬ್ಬದೊಳಗೂ ಮೊಣಕೈವರೆಗೆ ಕೈ ಇಳಿಸಿ ಕಾಳು ಕೆದಕಿ ನೋಡುತ್ತಿದ್ದರು. ಬೇಸರ ಎಂಬುದೇ ಇಲ್ಲ. ನಮ್ಮ ಊರಿನಲ್ಲಿ ಗುಂಡಿ ಒತ್ತಿ ಶುರು ಮಾಡಿದ ಯಾವುದೂ ತನ್ನ ಕೆಲಸ ಮುಗಿಸದೆ ನಿಲ್ಲುವುದಿಲ್ಲ. ಶುರು ಮಾಡಿದವರು ಅದು ನಿಲ್ಲುವವರೆಗೆ ಅದರ ಕೂಗಳತೆ ದಾಟುವಂತಿಲ್ಲ. ದಾಟಲು ಹೋದರೆ ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತದೆ, ಅಷ್ಟೇ. ಕಾಳಿನೊಳಗೆ ಒಂದು ಕಲ್ಲಿದ್ದು ಗಿರಣಿ ಕಚ್ಚಿಕೊಂಡರೆ ಅಪ್ಪ ಅವತ್ತು ಊಟಕ್ಕೆ ಮನೆಗೆ ಬರುತ್ತಿರಲಿಲ್ಲ.

ಹೀಗೆಂದರೆ ನಾವೆಲ್ಲ ಹೆದರಿಕೊಂಡು ಬದುಕುತ್ತಿದ್ದೆವು ಎಂದುಕೊಳ್ಳಬೇಡಿ. ಚೌಕದ ಕ್ಷೌರದಂಗಡಿಯಲ್ಲಿ ಒಂದು ಫ್ಯಾನಿದೆ. ಅದನ್ನು ಹಾಕಿದವನು ತೀರಿಕೊಂಡು ಎಷ್ಟೋ ಕಾಲವಾಯಿತು, ಫ್ಯಾನು ಮಾತ್ರ ತಿರುಗುತ್ತಲೇ ಇದೆ. ಬೇಸಿಗೆಯಲ್ಲಿ ಬಾಣಂತಿಯರು ಮಕ್ಕಳನ್ನು ತಂದು ಅದರ ಕೆಳಗೆ ಮಲಗಿಸುತ್ತಾರೆ, ಅಂಗಡಿಯವರು ಸದ್ದಿಲ್ಲದೆ ಕತ್ತರಿ ಆಡಿಸುತ್ತಾರೆ. ಮದುವೆಯ ಮಾತುಕತೆಗೆ ಹೋದಾಗ ಮೊದಲು ಕೇಳುವುದು, "ಹುಡುಗ ಏನಾದರೂ ಶುರು ಮಾಡಿಟ್ಟಿದ್ದಾನೋ?" ಎಂದು.

ಇಂಥ ಊರಿನ ವಿಶ್ವವಿದ್ಯಾಲಯದಲ್ಲಿ ಯಾವ ಪಾಠಕ್ಕೆ ಜನ ಕಿಕ್ಕಿರಿಯುತ್ತಾರೆ ಎಂದು ನೀವೇ ಊಹಿಸಬಹುದು. ಕಾಗದದ ಮೇಲೆ ಅದರ ಹೆಸರು 'ತಂತ್ರಾಂಶ ಸಾಧನಗಳಿಗಾಗಿ ಪ್ರೋಗ್ರಾಂ ವಿಶ್ಲೇಷಣೆ'. ನಾವು ಕರೆಯುವುದು 'ಓಡಿಸದೆ ಓದುವ ಕ್ಲಾಸು'. ಅಂಚೆ ಕಚೇರಿಯಿಂದ ನಿವೃತ್ತಳಾಗಿ ಕೆಲವು ವರ್ಷ ಕಳೆದ ಮೇಲೆ, ಹಳೆಯ ಬಿ.ಎಸ್ಸಿ. ಗಣಿತವನ್ನು ನೆಚ್ಚಿಕೊಂಡು ನಾನೂ ಸೇರಿದೆ. ಮೊದಲ ದಿನ ಸೀರೆಯ ನೆರಿಗೆ ಎರಡು ಸಲ ಸರಿಮಾಡಿಕೊಂಡು, ಹೊಸ ಪೆನ್ನು ಹಿಡಿದು ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ.

ಪಾಠ ಹೇಳುವವರು ರುಬೀನಾ ಮೇಡಂ. ನನ್ನ ಸೊಸೆಯಾಗುವಷ್ಟು ವಯಸ್ಸು. ಬಂದವರೇ ಬೋರ್ಡಿನ ಮೇಲೆ ಒಂದು ಪುಟ್ಟ ಪ್ರೋಗ್ರಾಂ ಬರೆದು, "ಇದನ್ನ ಶುರು ಮಾಡಿದರೆ ಮುಗಿಯುತ್ತಾ? ಬೇರೆ ಊರುಗಳಲ್ಲಿ ಓಡಿಸಿ ನೋಡಿಬಿಡ್ತಾರಂತೆ," ಎಂದರು.

ಇಡೀ ಕ್ಲಾಸು ಗೊಳ್ಳೆಂದಿತು. ಹಿಂದಿನಿಂದ ಬೋರೇಶ ಎಂಬ ಹುಡುಗ ಎದ್ದು, "ಓಡಿಸಿ ನೋಡೋದಾ ಮೇಡಂ? ಬಾವಿ ಎಷ್ಟು ಆಳ ಐತೆ ಅಂತ ಹಾರಿ ನೋಡ್ದಂಗಾಯ್ತಲ್ಲ!" ಎಂದ. ಮೇಡಂ ಕೂಡ ನಕ್ಕರು. ಆಮೇಲೆ ಬೋರ್ಡಿನ ಮೇಲೆ ಒಂದು ಸುತ್ತು ಬರೆದು ಹೇಳಿದರು: "ಪ್ರೋಗ್ರಾಂ ಸುತ್ತು ಹಾಕಲಿ, ಬೇಡ ಅನ್ನಲ್ಲ. ಆದರೆ ಪ್ರತಿ ಸುತ್ತಿಗೂ ಕಡಿಮೆಯಾಗೋದು ಏನಾದರೂ ಒಂದು ಇರಬೇಕು. ಸೊನ್ನೆಗಿಂತ ಕೆಳಕ್ಕೆ ಅದು ಹೋಗಬಾರದು. ಅದನ್ನ ನನಗೆ ತೋರಿಸಿ, ಮುಗಿಯುತ್ತೆ ಅಂತ ನಂಬ್ತೀನಿ."

ನನಗೆ ತಡೆಯಲಾಗಲಿಲ್ಲ. ಕೈ ಎತ್ತಿ, "ಅವರೆಕಾಯಿ ಸುಲಿಯೋವಾಗ ಮೊರದಲ್ಲಿರೋ ಕಾಯಿ ಥರಾನಾ?" ಎಂದು ಕೇಳಿಬಿಟ್ಟೆ. ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಬೋರ್ಡಿನ ಮೇಲೆ 'ಮೊರದ ಕಾಯಿ' ಎಂದು ಬರೆದು ಅಡಿಗೆರೆ ಎಳೆದರು. ಅವತ್ತಿನಿಂದ ಕ್ಲಾಸಿನಲ್ಲಿ ಆ ಸಂಖ್ಯೆಗೆ ಅದೇ ಹೆಸರಾಯಿತು. ನಾನು ಕಣ್ಣು ಕಿರಿದು ಮಾಡಿಕೊಂಡು ಓದುವುದನ್ನು ಗಮನಿಸಿದ್ದರೆಂದು ತೋರುತ್ತದೆ, ಮಾರನೆಯ ದಿನದಿಂದ ಅವರ ಅಕ್ಷರ ದಪ್ಪಗಾಯಿತು. 

ನಮ್ಮ ಕೆಲಸವೆಂದರೆ, ಬೇರೆಯವರ ಪ್ರೋಗ್ರಾಂ ಓದಿ ಅದು ಮುಗಿಯುತ್ತದೋ ಇಲ್ಲವೋ ಹೇಳುವಂಥ ಒಂದು ಸಾಧನವನ್ನು ಇಬ್ಬಿಬ್ಬರು ಸೇರಿ ಕಟ್ಟುವುದು. ಸಾಧನವೂ ಒಂದು ಪ್ರೋಗ್ರಾಮೇ ತಾನೆ? ಅದನ್ನೂ ಗುಂಡಿ ಒತ್ತಿಯೇ ಶುರು ಮಾಡಬೇಕು. ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬನ ಸಾಧನ ಲ್ಯಾಬಿನ ಮೂಲೆಯಲ್ಲಿ ಇನ್ನೂ ಯೋಚಿಸುತ್ತಲೇ ಇತ್ತು. ಅವನಿಗೆ ಅಲ್ಲೇ ಲ್ಯಾಬ್ ಸಹಾಯಕನ ಕೆಲಸ ಕೊಟ್ಟು, ಒಂದು ಮಂಚವನ್ನೂ ಹಾಕಿಸಿಕೊಟ್ಟಿದ್ದರು. ಅವನನ್ನು ತೋರಿಸಿ ಮೇಡಂ ಹೇಳುತ್ತಿದ್ದರು: "ಎಲ್ಲವನ್ನೂ ಕರಾರುವಾಕ್ಕಾಗಿ ಹೇಳ್ತೀನಿ ಅಂತ ಹೊರಟ ಸಾಧನ ಮುಗಿಯಲ್ಲ. ಒಂದೊಂದು ಕಡೆ 'ಗೊತ್ತಿಲ್ಲ' ಅಂತ ಒಪ್ಪಿಕೊಂಡು ಮುಂದಕ್ಕೆ ಹೋಗಬೇಕು. ಗೊತ್ತಿಲ್ಲದೆ 'ಮುಗಿಯುತ್ತೆ' ಅನ್ನೋದು ಮಾತ್ರ ಆಗಬಾರದು. ಆ ಮಾತು ನಂಬಿ ಯಾರೋ ಗುಂಡಿ ಒತ್ತುತ್ತಾರೆ."

ನನ್ನ ಜೊತೆಗಾರ್ತಿ ದಾಕ್ಷಾಯಿಣಿ. ಹೊರಗಿನ ಊರಿನವಳು, ನಮ್ಮ ಊರಿಗೆ ಬಂದು ಇನ್ನೂ ಹೊಸತು. ಚುರುಕು ಹುಡುಗಿ, ಗಂಟಲು ಸ್ವಲ್ಪ ದೊಡ್ಡದು. ಪಕ್ಕದಲ್ಲಿ ಕೂತವರ ಹತ್ತಿರವೂ ಹೊಲದ ಆಚೆ ಬದಿಯವರನ್ನು ಕರೆಯುವಂತೆ ಮಾತಾಡುತ್ತಿದ್ದಳು. ಹುಟ್ಟು ಗುಣ ಎಂದುಕೊಂಡಿದ್ದೆ. ಅವಳಿಗೆ 'ಗೊತ್ತಿಲ್ಲ' ಎಂದರೆ ಆಗದು. "ಅಮ್ಮಾ, ಓದಿದವರು ಗೊತ್ತಿಲ್ಲ ಅಂದ್ರೆ ಹೆಂಗೆ?" ಎಂದು ಜಗಳವಾಡುತ್ತಿದ್ದಳು. ಆದರೂ ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ನಾವಿಬ್ಬರೂ ಕಟ್ಟಿದೆವು. ಆ ದಿನಗಳ ಖುಷಿಯನ್ನು ಹೇಗೆ ಹೇಳಲಿ! ಸ್ನಾನ ಮಾಡುತ್ತಿರುವಾಗ ಒಂದು ದಾರಿ ಹೊಳೆಯುತ್ತಿತ್ತು, ಒದ್ದೆ ಕೂದಲಲ್ಲೇ ಅವಳಿಗೆ ಫೋನು ಮಾಡುತ್ತಿದ್ದೆ.

ಅದೇ ಸಮಯಕ್ಕೆ ಕೆರೆಗೆ ಹೊಸ ತೂಬು ಬಂತು. ಹಳೆಯ ಹಲಗೆಯ ತೂಬು ಯಾವಾಗಲೂ ಸೋರುತ್ತಿತ್ತು. ಅದನ್ನು ಕಿತ್ತು ಬಿಗಿಯಾದ ಕಬ್ಬಿಣದ ಬಾಗಿಲು ಕೂರಿಸಿ, ಶುರುವಿನ ದಿನದವರೆಗೆ ಅದನ್ನು ಒಂದಿಷ್ಟು ಎತ್ತಿಯೇ ಇಟ್ಟಿದ್ದರು. ಅದನ್ನು ನಡೆಸುವ ಪ್ರೋಗ್ರಾಂ ಬರೆದವರು ನೀರಾವರಿಯ ಇಂಜಿನಿಯರ್ ಗುರುಮಲ್ಲಪ್ಪನವರು. ಸರಳವಾದ ಪ್ರೋಗ್ರಾಂ. ಬಾಗಿಲು ತೆಗಿ, ಸ್ವಲ್ಪ ಹೊತ್ತು ಕಾಯಿ, ಕಾಲುವೆಯ ಕೊನೆಯ ಗುರುತಿನ ಕಲ್ಲಿನ ಮೇಲೆ ಕೊರೆದ ಗೆರೆಗೆ ನೀರು ಮುಟ್ಟಿತೇ ನೋಡು. ಮುಟ್ಟಿದರೆ ಬಾಗಿಲು ಮುಚ್ಚು, ಇಲ್ಲವಾದರೆ ಮತ್ತೆ ಕಾಯಿ. ಇದನ್ನು ಶುರು ಮಾಡುವ ಗೌರವ ಸಿಕ್ಕಿದ್ದು ನಮ್ಮ ಬೋರೇಶನಿಗೆ. ಅವನು ಓದುತ್ತಲೇ ಅವರ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದ. ಅವರಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದರು. ಕ್ಲಾಸು ಮುಗಿದ ಮೇಲೆ ನನ್ನ ಚೀಲ ಹೊತ್ತು ಮನೆಯ ತಿರುವಿನವರೆಗೆ ಬರುತ್ತಿದ್ದ ಹುಡುಗ ಅವನು. "ಅಜ್ಜಿ, ಪೇಪರ್‌ನಲ್ಲಿ ಫೋಟೋ ಬರುತ್ತೆ, ನೀವೂ ಪಕ್ಕದಲ್ಲಿ ನಿಂತ್ಕೊಬೇಕು," ಎನ್ನುತ್ತಿದ್ದ.

ರುಬೀನಾ ಮೇಡಂ ಆ ಪ್ರೋಗ್ರಾಮನ್ನೇ ನಮಗೆ ಕೊನೆಯ ಪರೀಕ್ಷೆಯಾಗಿ ಕೊಟ್ಟರು. ಶುರುವಿಗೆ ಎರಡು ದಿನ ಮುಂಚೆ ಎಲ್ಲರೂ ತಮ್ಮ ಸಾಧನ ಓಡಿಸಿದರು. ಉಳಿದ ಎಲ್ಲರದೂ 'ಮುಗಿಯುತ್ತದೆ' ಎಂದಿತು. ನಮ್ಮದು ಮಾತ್ರ 'ಗೊತ್ತಿಲ್ಲ' ಎಂದಿತು.

ನೋಡಲು ಬಂದಿದ್ದ ಗುರುಮಲ್ಲಪ್ಪನವರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕರು. "ಏನಮ್ಮಾ, ನಿಮ್ಮ ಯಂತ್ರಕ್ಕೆ ಗೊತ್ತಿಲ್ಲ ಅಂದ್ರೆ ಅದಕ್ಕೆ ಟ್ಯೂಷನ್ ಕೊಡಿಸಿ. ಕೆರೆಯಿಂದ ನೀರು ಬಿಟ್ರೆ ಕಾಲುವೇಲಿ ನೀರು ಏರಲ್ವಾ?"

"ಏರುತ್ತೆ ಅಂತ ಪ್ರೋಗ್ರಾಂನಲ್ಲಿ ಎಲ್ಲೂ ಬರೆದಿಲ್ಲ ಸರ್," ಎಂದಳು ದಾಕ್ಷಾಯಿಣಿ, ಕೆಂಪಾಗಿ. "ಬೇರೆಯವರು ತಮ್ಮ ಸಾಧನಕ್ಕೆ ಅದನ್ನ ತಾವೇ ಹೇಳಿಕೊಟ್ಟಿದಾರೆ."

"ಹಂಗಾದ್ರೆ ನೀವೂ ಹೇಳಿಕೊಡಿ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಅನ್ನೋದನ್ನೂ ಸೇರಿಸಿ, ಆಮೇಲೆ ಅದಕ್ಕೂ ಗೊತ್ತಿಲ್ಲ ಅಂದೀತು!"

ಕ್ಲಾಸು ನಕ್ಕಿತು. ಬೋರೇಶನೂ ನಕ್ಕ, ಆದರೆ ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ದಾಕ್ಷಾಯಿಣಿ ಅವಮಾನದಿಂದ ಕೀಬೋರ್ಡು ಎಳೆದುಕೊಂಡು, "ಒಂದು ಸಾಲು ಸೇರಿಸಿದರೆ ಆಯ್ತು, ನಮ್ಮದೂ ಮುಗಿಯುತ್ತೆ ಅನ್ನುತ್ತೆ," ಎಂದಳು. ನಾನು ಅವಳ ಕೈ ಹಿಡಿದೆ. "ಸೇರಿಸೋಣಮ್ಮ. ಸೇರಿಸೋಕೆ ಮುಂಚೆ ಒಂದ್ಸಲ ಕಾಲುವೆ ಕೊನೇವರೆಗೂ ಹೋಗಿ ನೋಡಿ ಬರೋಣ. ಆಮೇಲೆ ಧೈರ್ಯವಾಗಿ ಬರಿ."

ಮಾರನೆಯ ದಿನ ಬೆಳಿಗ್ಗೆ ಮೂವರೂ ಹೊರಟೆವು. ಬೋರೇಶ ನನಗೆಂದು ಕೊಡೆ ತಂದಿದ್ದ. ಕಾಲುವೆಯ ಏರಿಯ ಮೇಲೆ ಹುಲ್ಲು, ಅಲ್ಲಲ್ಲಿ ಬಟ್ಟೆ ಒಗೆಯುವವರು, ಕೊಕ್ಕರೆ. ಎಲ್ಲೂ ಏನೂ ತಪ್ಪು ಕಾಣಲಿಲ್ಲ. ಒಂದು ತೂತಿಲ್ಲ, ಬಿರುಕಿಲ್ಲ. ಬೋರೇಶ, "ನೋಡಿದ್ರಾ ಅಜ್ಜಿ, ಕನ್ನಡಿ ಹಂಗೆ ಐತೆ," ಎನ್ನುತ್ತಾ ಮುಂದೆ ಮುಂದೆ ನಡೆದ. ಗುರುತಿನ ಕಲ್ಲು ಸಿಕ್ಕಿತು. ನೀರು ಗೆರೆಗಿಂತ ಎಷ್ಟೋ ಕೆಳಗೆ, ಕಲ್ಲಿನ ಬುಡದಲ್ಲಿ ತೆಳ್ಳಗೆ ಹರಿಯುತ್ತಿತ್ತು. ಇನ್ನೇನು ವಾಪಸು ಹೋಗೋಣ ಎನ್ನುವಷ್ಟರಲ್ಲಿ ದಾಕ್ಷಾಯಿಣಿ ಕಿವಿಯ ಹತ್ತಿರ ಬಂದು ಕಿರುಚಿದಳು. "ಅಮ್ಮಾ! ಆ ಸದ್ದು ಇಲ್ಲಿಂದಾನಾ ಬರೋದು?"

"ಯಾವ ಸದ್ದು?" ಎಂದೆ ನಾನು.

"ಯಾವ ಸದ್ದು?" ಎಂದ ಬೋರೇಶ.

ಅವಳು ನಮ್ಮಿಬ್ಬರನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ಈ ಊರಿಗೆ ಬಂದಾಗಿನಿಂದ ದಡದಡ ದಡದಡ ಅಂತ ಕಿವಿ ತಿಂತಿದೆಯಲ್ಲ, ಅದು! ನಾನು ಯಾಕೆ ಇಷ್ಟು ಗಟ್ಟಿಯಾಗಿ ಮಾತಾಡ್ತೀನಿ ಅಂದ್ಕೊಂಡಿದ್ರಿ?"

ನಾನು ನಿಂತು ಕಿವಿಗೊಟ್ಟೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ, ಮೈಯೊಳಗಿನ ನಾಡಿಯನ್ನು ಹುಡುಕಿದಂತೆ ಹುಡುಕಿದಾಗ, ಕೇಳಿತು. ಎಷ್ಟೋ ಕಾಲದಿಂದ ಇದ್ದದ್ದು. ನಿಲ್ಲದೆ ಇರುವುದನ್ನು ನಮ್ಮ ಊರಿನವರು ಕೇಳಿಸಿಕೊಳ್ಳುವುದೇ ಇಲ್ಲ. ಕಲ್ಲಿನ ಸ್ವಲ್ಪ ಈಚೆ, ಹೊಂಗೆ ಮರದ ಕೆಳಗೆ ಒಂದು ಸಣ್ಣ ಹೆಂಚಿನ ಮನೆ. ಅದರ ಮಗ್ಗುಲಲ್ಲಿ ಒಂದು ಹಳೆಯ ಪಂಪು ಕಾಲುವೆಗೆ ಬಾಯಿ ಇಟ್ಟು ನೀರೆಳೆದು ಮೇಲಿನ ಕಾಲುವೆಗೆ ಸುರಿಯುತ್ತಿತ್ತು. ಮೇಲಿನ ಕಾಲುವೆ ಸುತ್ತಿ ಬಳಸಿ ಹೋಗಿ ಸೇರುವುದು ಅದೇ ಕೆರೆಗೆ.

ಬೋರೇಶ ಕೊಡೆ ಮಡಿಚಿದ. ಮತ್ತೆ ಬಿಚ್ಚಿದ. "ತೂಬು ಬಿಟ್ಟಷ್ಟು ನೀರನ್ನ ಇದು ಎಳೀತದೆ," ಎಂದ ಮೆಲ್ಲಗೆ. "ನೀರು ಗೆರೆ ಮುಟ್ಟಲ್ಲ. ಕೆರೇನೂ ಬರಿದಾಗಲ್ಲ. ಬಾಗಿಲು ಮುಚ್ಚಲ್ಲ. ಅಜ್ಜಿ, ನಾಳೆ ಗುಂಡಿ ಒತ್ತೋದು ನಾನು."

ಆಗ ಆ ಮನೆಯ ಬಾಗಿಲಿನಿಂದ ಒಬ್ಬರು, "ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಒಳಗೆ ಬನ್ನಿ," ಎಂದರು. ಮಾದೇವಕ್ಕ. ಹೊಸದಾಗಿ ಮದುವೆಯಾಗಿ ಬಂದಾಗ ಊರವರು ಆರತಿ ಎತ್ತಿ, ಗೌರವದಿಂದ ಅವರ ಕೈಯಲ್ಲಿ ಆ ಪಂಪಿನ ಗುಂಡಿ ಒತ್ತಿಸಿದ್ದರು. ಕೆರೆಯ ನೀರು ಪೋಲಾಗದಿರಲಿ ಎಂದು. ಅವತ್ತಿನಿಂದ ಆ ಕೂಗಳತೆಯೊಳಗೇ ಅವರ ಸಂಸಾರ. ಗಂಡ ಅಲ್ಲೇ ಮನೆ ಕಟ್ಟಿದ, ಮಕ್ಕಳು ಅಲ್ಲೇ ಆಡಿ ಬೆಳೆದು ದೂರ ಹೋದರು. ನನ್ನನ್ನು ನೋಡಿದ್ದೇ ಅವರು, "ನೀವು ಪೋಸ್ಟಾಫೀಸಿನೋರಲ್ವಾ? ನನ್ನ ಕಾಗದಾನ ದಿನಾ ಎಲ್ಲರಿಗಿಂತ ಮುಂಚೆ ಕಳಿಸ್ತಿದ್ರಂತೆ. ಪೋಸ್ಟ್‌ಮ್ಯಾನ್ ಹೇಳ್ತಿದ್ದ," ಎಂದು ಕೈ ಹಿಡಿದುಕೊಂಡರು.

ದಾಕ್ಷಾಯಿಣಿ ಆಗಲೇ ಪಂಪಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಅದರ ಮೇಲಿನ ತಗಡನ್ನು ಸೆರಗಿನಿಂದ ಒರೆಸುತ್ತಿದ್ದಳು. ಅದರ ಪ್ರೋಗ್ರಾಂ ಅಲ್ಲೇ ಕೊರೆದಿತ್ತು. "ಅಕ್ಕಾ, ಇದನ್ನೂ ಓದ್ಲಾ? ಮುಗಿಯುತ್ತೋ ಇಲ್ವೋ ಹೇಳ್ತೀನಿ," ಎಂದಳು ಉತ್ಸಾಹದಿಂದ.

ಮಾದೇವಕ್ಕ ಪಂಪಿನ ಕಡೆ ನೋಡಿದರು. "ಮುಗಿಯಲ್ಲ ಅಂತ ಬಂದ್ರೆ?"

ದಾಕ್ಷಾಯಿಣಿ ಒರೆಸುವುದನ್ನು ನಿಲ್ಲಿಸಿದಳು.

"ಹಂಗೇನಾದ್ರೂ ಬಂದ್ರೆ ಗೊತ್ತಿಲ್ಲ ಅಂತ ಹೇಳು ಮಗಾ. ಸಾಕು," ಎಂದು ಅವರು ನಮಗೆ ಮಜ್ಜಿಗೆ ತರಲು ಒಳಗೆ ಹೋದರು. ಅವಳು ತಗಡಿನ ಕಡೆ ತಿರುಗಿ ಓದಿದಳು. ಏನಿದೆ ಎಂದು ನಾನು ಕೇಳಿದ್ದಕ್ಕೆ, "'ಕಾಲುವೆ ಒಣಗಿದರೆ ನಿಲ್ಲು' ಅಂತಿದೆ," ಎಂದಳು. ಇಷ್ಟು ದಿನದಲ್ಲಿ ಅವಳು ಮೆಲ್ಲಗೆ ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ನಾವು ನಡೆಯಲಿಲ್ಲ, ಓಡಿದೆವು. ನಾನೂ ಓಡಿದೆ ಎಂದರೆ ನನ್ನ ಮಗಳು ಇನ್ನೂ ನಂಬುವುದಿಲ್ಲ. ಗುರುಮಲ್ಲಪ್ಪನವರು ಕಚೇರಿಯಲ್ಲಿ ಹಾರ, ಶಾಮಿಯಾನಾ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. ನಮ್ಮನ್ನು ನೋಡಿ, "ಏನಮ್ಮಾ, ನೀರು ಏರುತ್ತಂತಾ?" ಎಂದು ನಕ್ಕರು. ಬೋರೇಶ ಏದುಸಿರು ಬಿಡುತ್ತಾ ಹೇಳಿದ. ಅವರ ನಗು ಹಾಗೇ ಮುಖದ ಮೇಲೆ ಉಳಿದು ಒಣಗಿತು.

"ಆ ಪಂಪು ಇನ್ನೂ ಓಡ್ತಾ ಇದೆಯಾ?" ಎಂದರು.

ದಿನವೂ ಅದರ ಪಕ್ಕದಲ್ಲೇ ಸ್ಕೂಟರಿನಲ್ಲಿ ಹೋಗುವವರು ಅವರು. ಕಿಟಕಿ ತೆಗೆದು ನಿಂತರು. ಬಹಳ ಹೊತ್ತು ನಿಂತರು. ಕೇಳಿಸಿರಬೇಕು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬೋರೇಶನ ಭುಜದ ಮೇಲೆ ಕೈ ಹಾಕಿದರು. "ನಿಮ್ಮಮ್ಮನ ಮುಖ ಹೆಂಗೋ ನೋಡ್ತಿದ್ದೆ ನಾನು?" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಅಮ್ಮಾ, ನೀವೇನೋ ಮೊರದ ಕಾಯಿ ಅಂತೀರಂತಲ್ಲ. ಅದನ್ನ ಇದರಲ್ಲಿ ಎಲ್ಲಿ ಇಡಬೇಕು, ಹೇಳಿಕೊಡಿ," ಎಂದು ಕುರ್ಚಿ ಎಳೆದು ಕೊಟ್ಟರು.

ಅವರೇ ತಿದ್ದಿದರು. ಬಾಗಿಲು ತೆಗೆಯುವ ಮೊದಲು ಒಂದು ಸಂಖ್ಯೆ ಇಡಬೇಕು, ಪ್ರತಿ ಸುತ್ತಿಗೂ ಅದರಿಂದ ಒಂದು ಕಳೆಯಬೇಕು. ನೀರು ಗೆರೆ ಮುಟ್ಟಲಿ ಬಿಡಲಿ, ಸಂಖ್ಯೆ ಸೊನ್ನೆಯಾದಾಗ ಬಾಗಿಲು ಮುಚ್ಚಬೇಕು. "ಕೊನೆ ಹೊಲಗಳಿಗೆ ನೀರು ಒಂದಿಷ್ಟು ಕಡಿಮೆ ಬೀಳಲಿ, ಪರವಾಗಿಲ್ಲ. ಹುಡುಗ ಮನೆಗೆ ಹೋಗಲಿ," ಎಂದರು. ಆ ಸಂಜೆ ಲ್ಯಾಬಿನಲ್ಲಿ ಎಲ್ಲರೂ ಸುತ್ತ ನಿಂತಿರಲು ನಾನೇ ನಮ್ಮ ಸಾಧನದ ಗುಂಡಿ ಒತ್ತಿದೆ. ಮೂಲೆಯ ಮಂಚದ ಹುಡುಗ ಕೂಡ ಎದ್ದು ಕೂತ. ಪರದೆಯ ಮೇಲೆ ಸಾಲುಗಳು ಉರುಳಿದವು, ಒಂದು ಕಡೆ ತಡೆದವು, ದಾಕ್ಷಾಯಿಣಿ ನನ್ನ ಮುಂಗೈ ಹಿಂಡಿದಳು, ಮತ್ತೆ ಉರುಳಿದವು. 'ಮುಗಿಯುತ್ತದೆ.' ರುಬೀನಾ ಮೇಡಂ ಚಪ್ಪಾಳೆ ತಟ್ಟಲು ಹೋಗಿ, ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಗಿ, ಕಣ್ಣಿಗೆ ಬಿದ್ದಿತೆಂದು ಕಣ್ಣೊರೆಸಿಕೊಂಡರು.

ಬೆಳಿಗ್ಗೆ ಕೆರೆಯ ಏರಿಯ ಮೇಲೆ ಊರೇ ನೆರೆದಿತ್ತು. ವ್ರತವೆಂದು ಬೋರೇಶನಿಗೆ ಅವರಮ್ಮ ನೀರು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಅವನು ನನ್ನ ಕಡೆ ಒಮ್ಮೆ ನೋಡಿದ. ನಾನು ತಲೆಯಾಡಿಸಿದೆ. ಓದಿ ತಿಳಿದದ್ದು ಬೇರೆ, ಕಣ್ಣೆದುರು ಒಬ್ಬ ಹುಡುಗ ಗುಂಡಿಯ ಮೇಲೆ ಬೆರಳಿಡುವುದು ಬೇರೆ.  ಅವನು ಒತ್ತಿದ.

ಬಾಗಿಲು ಎದ್ದಿತು. ನೀರು ಗುಡುಗಿನಂತೆ ನುಗ್ಗಿತು. ಮಕ್ಕಳು ಕೇಕೆ ಹಾಕಿದರು. ಆಮೇಲೆ ಕಾಯುವುದು. ಪ್ರತಿ ಸುತ್ತಿಗೂ ತೂಬಿನ ಗುಂಡಿಯ ಪಕ್ಕದ ಪುಟ್ಟ ಕಿಟಕಿಯಲ್ಲಿ ಸಂಖ್ಯೆ ಇಳಿಯುತ್ತಿತ್ತು, ಇಳಿದಾಗಲೆಲ್ಲ ಜನ ಅದನ್ನು ಗಟ್ಟಿಯಾಗಿ ಹೇಳತೊಡಗಿದರು. ಗುರುಮಲ್ಲಪ್ಪನವರು ಗಾದಿಯ ಕುರ್ಚಿ ಬಿಟ್ಟು ಬೋರೇಶನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಬಿಸಿಲು ಏರಿತು. ಸಂಖ್ಯೆ ಬೆರಳೆಣಿಕೆಗೆ ಬಂತು, ಒಂದಾಯಿತು, ಸೊನ್ನೆಯಾಯಿತು. ಬಾಗಿಲು ನಡುಗಿ, ಕಿರ್ರೆಂದು ಇಳಿದು, ಧಪ್ಪೆಂದು ನೆಲ ಕಚ್ಚಿತು. ಒಂದು ಹನಿ ಸೋರಲಿಲ್ಲ.

ಬೋರೇಶ ಎದ್ದು ಓಡಿದ. ಕೂಗಳತೆ ದಾಟುವ ಜಾಗದಲ್ಲಿ ಕಣ್ಣು ಮುಚ್ಚಿಕೊಂಡು ಕಾಲಿಟ್ಟ. ಕಾಲು ತಿರುಗಲಿಲ್ಲ. ಆಚೆ ನಿಂತು ಎರಡೂ ಕೈ ಎತ್ತಿ ಕುಣಿದ. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತರು, ಅವರಮ್ಮ ಅತ್ತರು, ವಾದ್ಯದವರು ಬಾರಿಸಿದ್ದೇ ಬಾರಿಸಿದ್ದು. ಆ ಗದ್ದಲದಲ್ಲಿ ನಾನು ದಾಕ್ಷಾಯಿಣಿಯನ್ನು ಹುಡುಕಿದೆ. ಅವಳು ಕಾಲುವೆಯ ತಳವನ್ನೇ ನೋಡುತ್ತಾ ನಿಂತಿದ್ದಳು. ನೀರು ಜಾರಿ ಹೋಗುತ್ತಿತ್ತು. ಮೊದಲು ಕಲ್ಲುಗಳು ಕಂಡವು, ಆಮೇಲೆ ಮರಳು.

"ಅಮ್ಮಾ," ಎಂದಳು, "ಇದುವರೆಗೂ ಈ ಕಾಲುವೆ ಯಾವತ್ತೂ ಒಣಗಿಲ್ಲ ಅಲ್ವಾ? ಹಳೇ ತೂಬು ಸೋರ್ತಾನೇ ಇತ್ತಲ್ಲ?" ನಾನು ಉತ್ತರ ಕೊಡುವ ಮೊದಲೇ ಅವಳು ಲಂಗ ಎತ್ತಿಕಟ್ಟಿ ಕಾಲುವೆಯ ಏರಿಯ ಮೇಲೆ ಓಡತೊಡಗಿದಳು.

ಎಷ್ಟು ಹೊತ್ತಾಯಿತೋ. ವಾದ್ಯದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದರು. ಆಗ ಅದು ಆಯಿತು. ಏನೋ ಇಲ್ಲವಾಯಿತು. ಎಲ್ಲರೂ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡ. ಊರಿನ ಕಡೆ ಮನೆ ಮನೆಗಳಿಂದ ಜನ ಹೊರಗೆ ಬಂದು ಅಂಗಳದಲ್ಲಿ ನಿಂತಿದ್ದು ಏರಿಯ ಮೇಲಿನಿಂದ ಕಾಣುತ್ತಿತ್ತು. ಎಲೆ ಅಲ್ಲಾಡುವ ಸದ್ದನ್ನು ಅಷ್ಟು ಸ್ಪಷ್ಟವಾಗಿ ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

ಬೋರೇಶ ಹೆಗಲುಗಳಿಂದ ಇಳಿದು ತೂಬಿನ ಕಟ್ಟೆಯ ಮೇಲೆ ಕೂತ. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಆಗ ಕಾಲುವೆಯ ತಿರುವಿನಲ್ಲಿ ಇಬ್ಬರು ಕಂಡರು, ದಾಕ್ಷಾಯಿಣಿ ಮತ್ತು ಅವಳ ಹಿಂದೆ ಮಾದೇವಕ್ಕ. ಮಾದೇವಕ್ಕ ನಿಧಾನವಾಗಿ, ಪ್ರತಿ ಹೆಜ್ಜೆಯಲ್ಲೂ ಕಾಲಿನ ಕಡೆ ನೋಡಿಕೊಳ್ಳುತ್ತಾ ಬರುತ್ತಿದ್ದರು. ತಾವು ಕಂಡೇ ಇರದ ಹೊಸ ಅಂಗಡಿ, ಹೊಸ ಮನೆಗಳ ಕಡೆ ಅವರು ತಲೆ ಎತ್ತಲಿಲ್ಲ. ಜನ ಸರಿದು ದಾರಿ ಬಿಟ್ಟರು. ಗುರುಮಲ್ಲಪ್ಪನವರು ಎದ್ದು ನಿಂತರು.

ಮಾದೇವಕ್ಕ ನೇರವಾಗಿ ತೂಬಿನ ಹತ್ತಿರ ಬಂದರು. ಮುಚ್ಚಿದ ಬಾಗಿಲನ್ನು ಒಮ್ಮೆ ಅಂಗೈಯಿಂದ ಮುಟ್ಟಿ ನೋಡಿದರು. ಆಮೇಲೆ ಬೋರೇಶನ ಪಕ್ಕದಲ್ಲಿ ಕೂತು, ಸೆರಗಿನ ಮರೆಯಲ್ಲಿ ತಂದಿದ್ದ ತಟ್ಟೆಯ ಮುಚ್ಚಳ ತೆಗೆದು ಅವನ ಕೈಗೆ ಇಟ್ಟರು. ಮುದ್ದೆ, ಹುರುಳಿಕಾಳಿನ ಸಾರು. ಇನ್ನೂ ಬಿಸಿಯಾಗಿತ್ತು.